ಹೃದಯ ಉಳಿಸಿಕೊಂಡ ಸರೋವರಗಳ ನಾಡು

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಈಶಾನ್ಯಕ್ಕೆ ಸುಮಾರು 440 ಕಿಲೋಮೀಟರ್ ಸಾಗಿದರೆ ಯೊಯೆನ್ಸೂ ಎಂಬ ಪಟ್ಟಣ ಸಿಗುತ್ತದೆ. ಫಿನ್ನಿಶ್ ಭಾಷೆಯಲ್ಲಿ ಈ ಹೆಸರಿಗೆ ನದೀಮುಖ ಎಂದರ್ಥ. ಉತ್ತರ ಕರೇಲಿಯಾ ಪ್ರಾಂತ್ಯದ ಕೇಂದ್ರ ಇದು. ಪೂರ್ವಕ್ಕೆ ರಷ್ಯಾದ ಗಡಿ. ಉತ್ತರಕ್ಕೆ ಕೋಲಿ ಬೆಟ್ಟ. 347 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಿಂದ ಕೆಳಗೆ ನೋಡಿದರೆ ಪಿಯೆಲಿನೆನ್ ಸರೋವರ, ಅದರ ತುಂಬ ಪುಟ್ಟ ಪುಟ್ಟ ದ್ವೀಪಗಳು, ಕಣ್ಣು ಹಾಯುವಷ್ಟು ದೂರ ಪೈನ್ ಮತ್ತು ಬರ್ಚ್ ಮರಗಳ ಕಾಡು. ಚಳಿಗಾಲದಲ್ಲಿ ಸರೋವರವೆಲ್ಲ ಹೆಪ್ಪುಗಟ್ಟುತ್ತದೆ.

ಶುದ್ಧ ಗಾಳಿ, ತಿಳಿನೀರು, ಮೈಮುರಿದು ದುಡಿಯುವ ಜನ. ಇಲ್ಲಿನವರು ನೂರು ವರ್ಷ ಬಾಳುತ್ತಿದ್ದಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ನಿಜಸ್ಥಿತಿ ಬೇರೆಯೇ ಇತ್ತು. 1960ರ ದಶಕದಲ್ಲಿ ಕಾಡಿನಲ್ಲಿ ಮರ ಕಡಿಯುತ್ತಿದ್ದ ಗಟ್ಟಿಮುಟ್ಟಾದ ಗಂಡಸರು ನಲವತ್ತು, ಐವತ್ತರ ವಯಸ್ಸಿಗೇ ಹೃದಯಾಘಾತದಿಂದ ಸಾಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಮಕ್ಕಳು ಶಾಲೆ ಮುಗಿಸುವ ಮೊದಲೇ ತಂದೆ ಇರುತ್ತಿರಲಿಲ್ಲ. ಇದು ತಮ್ಮ ಹಣೆಬರಹ ಎಂದೇ ಜನ ನಂಬಿದ್ದರು.

ಹಣೆಬರಹವಲ್ಲ ಎಂದು ತೋರಿಸಿದ್ದು ಹೋಲಿಕೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನ ಆರಂಭಿಸಿದರು. ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ಇಟಲಿ, ಗ್ರೀಸ್, ಜಪಾನ್ ಮತ್ತು ಅಂದಿನ ಯುಗೊಸ್ಲಾವಿಯಾದಲ್ಲಿ 40ರಿಂದ 59 ವರ್ಷದ ಸುಮಾರು 12,700 ಗಂಡಸರನ್ನು ಪರೀಕ್ಷಿಸಿ, ವರ್ಷಗಟ್ಟಲೆ ಅವರ ಜಾಡು ಹಿಡಿಯಲಾಯಿತು. ಹೃದ್ರೋಗದ ಪಟ್ಟಿಯಲ್ಲಿ ಪೂರ್ವ ಫಿನ್ಲೆಂಡ್ ಎಲ್ಲರಿಗಿಂತ ಮೇಲಿತ್ತು. ಗ್ರೀಸಿನ ಕ್ರೀಟ್ ದ್ವೀಪ ಮತ್ತು ಜಪಾನ್ ತೀರ ಕೆಳಗಿದ್ದವು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ದೇಶ ದೇಶಗಳ ಆರೋಗ್ಯವನ್ನು ಹೋಲಿಸುವಾಗ ಸತ್ತವರನ್ನು ಎಣಿಸಿದರಷ್ಟೇ ಸಾಲದು. ಇಂದು ಸಾವಿರ ಮಂದಿಯಲ್ಲಿ ವರ್ಷಕ್ಕೆ ಸಾಯುವವರ ಸಂಖ್ಯೆ ಅಮೆರಿಕಕ್ಕಿಂತ ಜಪಾನಿನಲ್ಲೇ ಹೆಚ್ಚು. ಹಾಗಾದರೆ ಜಪಾನೀಯರು ರೋಗಿಷ್ಠರೇ? ಅಲ್ಲ. ಅಲ್ಲಿ ಹತ್ತು ಜನರಲ್ಲಿ ಸುಮಾರು ಮೂವರು 65 ದಾಟಿದವರು. ವಯಸ್ಸಿಗೆ ವಯಸ್ಸನ್ನು ಸರಿಹೊಂದಿಸಿ ಲೆಕ್ಕ ಹಾಕಿದರೆ ಚಿತ್ರ ತಿರುವುಮುರುವಾಗುತ್ತದೆ. 2023ರಲ್ಲಿ ಜಪಾನೀಯರ ಸರಾಸರಿ ಆಯುರ್ನಿರೀಕ್ಷೆ ಸುಮಾರು 84 ವರ್ಷ. ವೈದ್ಯಕೀಯಕ್ಕೆ ತಲಾ ಅತಿ ಹೆಚ್ಚು ಹಣ ಸುರಿಯುವ ಅಮೆರಿಕದಲ್ಲಿ ಸುಮಾರು 78. ಕೀಸ್ ಒಂದೇ ವಯೋಮಾನದವರನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಮತ್ತೆ ಕರೇಲಿಯಾಕ್ಕೆ ಬರೋಣ. ಕಾರಣ ಊಟದ ಮೇಜಿನ ಮೇಲೇ ಇತ್ತು. ಹತ್ತರಲ್ಲಿ ಒಂಬತ್ತು ಮಂದಿ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರುತ್ತಿದ್ದರು. ಕೆನೆಭರಿತ ಹಾಲು, ಕೊಬ್ಬಿನ ಮಾಂಸ, ಧಾರಾಳ ಉಪ್ಪು. ತರಕಾರಿ ಮಾತ್ರ ಅಪರೂಪ. ಅರ್ಧಕ್ಕೂ ಹೆಚ್ಚು ಗಂಡಸರು ಸಿಗರೇಟು ಸೇದುತ್ತಿದ್ದರು. 1971ರಲ್ಲಿ ಪ್ರಾಂತ್ಯದ ಜನನಾಯಕರು ‘ಏನಾದರೂ ಮಾಡಿ’ ಎಂದು ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಯೋಜನೆ ಆರಂಭವಾಯಿತು. ಅದರ ಹೊಣೆ ಹೊತ್ತ ವೈದ್ಯ ಪೆಕ್ಕಾ ಪುಸ್ಕಾ ಆಗಿನ್ನೂ ಯುವಕ.

ಅವರು ಆಸ್ಪತ್ರೆ ಕಟ್ಟಿಸಲು ಹೊರಡಲಿಲ್ಲ, ಅಡುಗೆಮನೆಗೆ ಹೋದರು. ಮಾರ್ಥಾ ಎಂಬ ಗೃಹಿಣಿಯರ ಸಂಘದ ಮಹಿಳೆಯರು ಹಳ್ಳಿ ಹಳ್ಳಿಗಳಲ್ಲಿ ಸಭೆ ಸೇರಿಸಿ, ಹಳೆಯ ಮಾಂಸದ ಸಾರಿಗೇ ತರಕಾರಿ ಹೆಚ್ಚಿಸಿ, ಕೊಬ್ಬು ಮತ್ತು ಉಪ್ಪು ತಗ್ಗಿಸಿ ಬಡಿಸಿದರು. ಸಾಸೇಜ್ ತಯಾರಕರು ಕೊಬ್ಬಿನ ಒಂದು ಪಾಲಿಗೆ ಬದಲಾಗಿ ಅಣಬೆ ಬೆರೆಸಿ ನೋಡಿದರು. ಹೈನುಗಾರಿಕೆಯನ್ನೇ ನಂಬಿದ್ದ ರೈತರಿಗೆ ಆತಂಕವಾದದ್ದು ಸಹಜ. ಅಂಥವರಿಗೆ ಹಣ್ಣಿನ ಬೆರ‍್ರಿ ಬೆಳೆಯಲು ಉತ್ತೇಜನ ಸಿಕ್ಕಿತು. ಕೊಲೆಸ್ಟರಾಲ್ ಇಳಿಸಲು ಹಳ್ಳಿಗಳ ನಡುವೆ ಪೈಪೋಟಿ ನಡೆಯಿತು. ಟೀವಿಯಲ್ಲಿ ಸಿಗರೇಟು ಬಿಡಿಸುವ ಕಾರ್ಯಕ್ರಮಗಳು ಬಂದವು. ಐದು ವರ್ಷಗಳ ನಂತರ ಈ ಪಾಠ ಇಡೀ ದೇಶಕ್ಕೆ ಹಬ್ಬಿತು.

ಫಲಿತಾಂಶ? 2000ದ ದಶಕದ ಹೊತ್ತಿಗೆ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿದಿತ್ತು. 1970ರ ಸುಮಾರಿಗೆ 66 ವರ್ಷದಷ್ಟಿದ್ದ ಫಿನ್ನಿಶ್ ಗಂಡಸರ ಆಯುರ್ನಿರೀಕ್ಷೆ ಈಗ 79ರ ಆಸುಪಾಸಿನಲ್ಲಿದೆ. ಇದೆಲ್ಲ ಒಂದೇ ಯೋಜನೆಯ ಪವಾಡ ಎನ್ನುವಂತಿಲ್ಲ. ಹೋಲಿಕೆಗೆಂದು ಆರಿಸಿಕೊಂಡಿದ್ದ ನೆರೆಯ ಕುವೊಪಿಯೊ ಪ್ರಾಂತ್ಯದಲ್ಲೂ ಸಾವು ಇಳಿಯಿತು. ಹೊಸ ಔಷಧ, ಉತ್ತಮ ಚಿಕಿತ್ಸೆಗಳ ಪಾಲೂ ಇದೆ. ಯಾವುದರ ಪಾಲು ಎಷ್ಟು ಎಂಬ ಚರ್ಚೆ ತಜ್ಞರಲ್ಲಿ ನಡೆದೇ ಇದೆ. ಆದರೆ ಬೆಣ್ಣೆ ತಗ್ಗಿತು, ರಕ್ತದ ಕೊಲೆಸ್ಟರಾಲ್ ಇಳಿಯಿತು ಎಂಬುದರಲ್ಲಿ ಅನುಮಾನವಿಲ್ಲ.

ಹೃದ್ರೋಗದಲ್ಲಿ ಜಾಣನೆನಿಸಿಕೊಂಡ ಜಪಾನ್ ಇನ್ನೊಂದು ವಿಷಯದಲ್ಲಿ ನಪಾಸಾಗಿತ್ತೆಂಬುದನ್ನೂ ಮರೆಯಬಾರದು. 1951ರಿಂದ 1980ರವರೆಗೆ ಅಲ್ಲಿ ಸಾವಿಗೆ ಮೊದಲ ಕಾರಣ ಪಾರ್ಶ್ವವಾಯು. ಅತಿಯಾದ ಉಪ್ಪು ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. ಗುಡ್ಡಗಾಡಿನ ನಾಗಾನೊ ಪ್ರಾಂತ್ಯದ ಜನ ಉಪ್ಪಿನಕಾಯಿ, ಮಿಸೊ ಸಾರಿನ ಉಪ್ಪು ತಗ್ಗಿಸಿಕೊಂಡರು. ಮುಂದೆ ದೀರ್ಘಾಯುಷ್ಯಕ್ಕೆ ಹೆಸರಾದರು.

ಮಕ್ಕಳ ಅಂಕಪಟ್ಟಿ ಬಂದಾಗ ತಂದೆತಾಯಿಗಳು ಒಟ್ಟು ಅಂಕ ನೋಡಿ ಸುಮ್ಮನಾಗುವುದಿಲ್ಲ. ಯಾವ ವಿಷಯದಲ್ಲಿ ಹಿಂದೆ ಬಿದ್ದಿದ್ದಾರೆ ಎಂದು ನೋಡುತ್ತಾರೆ. ದೇಶಗಳ ಆರೋಗ್ಯದ ಪಟ್ಟಿಯನ್ನು ಓದಬೇಕಾದದ್ದೂ ಹೀಗೆಯೇ. ಇಂದಿಗೂ ಪಶ್ಚಿಮ ಫಿನ್ಲೆಂಡಿಗಿಂತ ಪೂರ್ವದ ಆರೋಗ್ಯ ತುಸು ಹಿಂದಿದೆ. ಕರೇಲಿಯಾದವರ ಪಾಠ ಇನ್ನೂ ಮುಗಿದಿಲ್ಲ.