ತರಗತಿಗೆ ಬಂದ ಗಪ್ಪಿಗಳು

"ಮಿಸ್, ನಮ್ ಕ್ಲಾಸಿಗೆ ಗಿಳಿ ತರೋಣ್ವಾ?" ಅಂತ ಶುರುವಾಯಿತು. ಗಿಳಿ, ನಕ್ಷತ್ರ ಆಮೆ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅಂದೆ. ಹಾಗಾದ್ರೆ ಮೊಲ ಅಂದರು. ಶನಿವಾರ ಬೀಗ ಹಾಕಿದ ಮೇಲೆ ಸೋಮವಾರದವರೆಗೆ ಅದಕ್ಕೆ ಹುಲ್ಲು ಹಾಕೋರು ಯಾರು? ಎಲ್ಲರೂ ಸುಮ್ಮನಾದರು.

ಕೊನೆಗೆ ಬಂದದ್ದು ನಾಲ್ಕು ಗಪ್ಪಿ ಮೀನು. ಮರಿ ಹೆಚ್ಚಾಗಬಾರದು ಅಂತ ಬಣ್ಣದ ಬಾಲದ ಗಂಡುಗಳನ್ನೇ ಆರಿಸಿದೆವು. ನಲ್ಲಿ ನೀರನ್ನು ಒಂದು ದಿನ ಬಕೆಟ್‌ನಲ್ಲಿಟ್ಟು, ಕ್ಲೋರಿನ್ ಹೋದ ಮೇಲೆ ತೊಟ್ಟಿಗೆ ಸುರಿಯುತ್ತೇವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲು. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಉಳಿದದ್ದು ಕೊಳೆತರೆ ನೀರೇ ವಿಷ.

ಯಾರ ಜೊತೆಗೂ ಮಾತಾಡದ ಹುಡುಗನೊಬ್ಬ ತನ್ನ ಸರದಿಯ ದಿನ ಬೆಲ್ ಹೊಡೆಯುವ ಮೊದಲೇ ಬರುತ್ತಾನೆ. ಎರಡು ಬೆರಳಲ್ಲಿ ಚಿಟಿಕೆ ಆಹಾರ ಉದುರಿಸಿ, ಗಾಜಿಗೆ ಮೂಗು ಒತ್ತಿ, "ಸಾಕಾ?" ಅಂತ ಮೆಲ್ಲಗೆ ಕೇಳುತ್ತಾನೆ.

ಶಿಕ್ಷಕ ಮಿತ್ರರೇ, ತರಗತಿಗೆ ಒಂದು ಜೀವ ತರುವ ಮೊದಲು ರಜೆಗಳ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಅದು ಯಾರ ಮನೆಯಲ್ಲಿರುತ್ತದೆ ಎಂಬುದು ಮೊದಲೇ ತೀರ್ಮಾನವಾಗಲಿ. ಸಾಕಲು ಆಗದಿದ್ದರೂ ಗಪ್ಪಿಗಳನ್ನು ಕೆರೆಗೆ ಮಾತ್ರ ಬಿಡಬೇಡಿ. ಅವು ಹೊರನಾಡಿನ ಮೀನು, ನಮ್ಮ ಕೆರೆಯ ಮೀನುಗಳಿಗೆ ಕುತ್ತು.