ಪುಡಿಯೂ ಚಕ್ಕೆಯೂ

ಬಡಿಗನ ಕೈಚಳಕವನ್ನು ಅರಿಯಬೇಕಾದರೆ ಅವನು ಕಡೆದ ವಸ್ತುವನ್ನಲ್ಲ, ಅವನ ಕಾಲ ಬುಡದಲ್ಲಿ ಬಿದ್ದುದನ್ನು ಮೊದಲು ನೋಡಬೇಕು. ಇದು ಗುರುಮಠಕಲ್ಲಿನ ಒಬ್ಬ ಹಿರಿಯ ಬಡಿಗರ ನಂಬಿಕೆ. ಸುರುಳಿ ಸುತ್ತಿದ ಚಕ್ಕೆ ಬಿದ್ದಿದ್ದರೆ ಉಳಿ ಹರಿತವಾಗಿದೆ, ಕೈ ನಿರ್ಭಯವಾಗಿದೆ. ಪುಡಿ ಬಿದ್ದಿದ್ದರೆ ಉಳಿ ಮೊಂಡಾಗಿರಬೇಕು, ಇಲ್ಲವೆ ಕೈ ಅಳುಕಿರಬೇಕು. ಐವತ್ತು ವರ್ಷ ಅವರು ಈ ಒಂದೇ ಮಾತಿನಿಂದ ಶಿಷ್ಯರನ್ನೂ ತಮ್ಮನ್ನೂ ಪರೀಕ್ಷಿಸಿಕೊಂಡು ಬಂದಿದ್ದರು. ಅದೇ ಮಾತನ್ನು ತಮ್ಮ ಪಡಸಾಲೆಯಲ್ಲಿ ಕುಳಿತ ಒಂದು ಯಂತ್ರಕ್ಕೂ ಹೇಳಬೇಕಾಗಿ ಬಂದೀತೆಂದು ಮಾತ್ರ ಅವರು ಎಣಿಸಿರಲಿಲ್ಲ.

ಗುರುಮಠಕಲ್ ಗಡಿಯ ಊರು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಅನಂತರ ಗುಲಬರ್ಗಾ ಜಿಲ್ಲೆಯಲ್ಲಿ ಉಳಿದು, 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾದಾಗ ಅದರೊಳಗೆ ಬಂದು, 2018ರಲ್ಲಿ ತಾಲ್ಲೂಕೆನಿಸಿಕೊಂಡಿತು. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಇಂಥ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಒಂದೊಂದಾಗಿ ಇಳಿದು ಸಿಮೆಂಟಿನ ಮನೆಗಳು ಏಳುತ್ತಿವೆ. ಈ ಹಿರಿಯರ ಮನೆಗೂ ಆ ಕಾಲ ಬಂದಿತು. ಗೋಡೆ ಕೆಡವಿದಾಗ ಅವರು ದುಃಖಿಸಲಿಲ್ಲ. ಬಾಗಿಲಿನ ನೆತ್ತಿಯ ಮೇಲಿದ್ದ ಗಜಲಕ್ಷ್ಮಿಯ ಹಲಗೆಯನ್ನು ಕೆಳಗಿಳಿಸಿದಾಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ಅದು ಅವರ ತಂದೆ ಕಡೆದದ್ದು. ಎಷ್ಟೋ ಮಳೆಗಾಲಗಳ ನೀರು ಮಾಳಿಗೆಯಿಂದ ಇಳಿದಿಳಿದು, ದೇವಿಯ ಮುಖದ ನಟ್ಟನಡುವೆ ಸೀಳು ಬಿಟ್ಟಿತ್ತು.

ಇನ್ನೊಂದನ್ನು ಕಡೆಯುವುದೇನು ಮಹಾ? ಹತ್ತು ವರ್ಷಗಳ ಹಿಂದಾಗಿದ್ದರೆ ಅವರು ಆ ಸಂಜೆಯೇ ಉಳಿ ಮಸೆಯಲು ಕುಳಿತಿರುತ್ತಿದ್ದರು. ಆದರೆ ಈಗ ಕೊಡತಿ ಎತ್ತಿದರೆ ಬಲಗೈ ನಡುಗುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ ಮಗ ಗೃಹಪ್ರವೇಶಕ್ಕೆ ತಿಂಗಳಿರುವಾಗ ರಜೆ ಹಾಕಿ ಬಂದ. ಜೊತೆಯಲ್ಲಿ ಒಂದು ಪೆಟ್ಟಿಗೆ. ಅದರೊಳಗಿದ್ದುದು ಮೂವತ್ತು ಸೆಂಟಿಮೀಟರು ಉದ್ದ, ಹದಿನೆಂಟು ಸೆಂಟಿಮೀಟರು ಅಗಲದ ಕೆಲಸದ ಹಾಸುಳ್ಳ, ಮನೆಬಳಕೆಯ ಕೆತ್ತನೆಯ ಯಂತ್ರ. ಅಂಕಿಗಳ ಅಪ್ಪಣೆಯಂತೆ ತಾನಾಗಿ ಚಲಿಸಿ ಕಡೆಯುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿ ಮೊದಲು ಪ್ರದರ್ಶಿಸಿದಾಗ ಅದೊಂದು ಭಾರಿ ಕಾರ್ಖಾನೆಯ ಸಾಧನ. 2009ರಲ್ಲಿ ಹೊರಬಂದ ಗರ್ಬಲ್ ಎಂಬ ಉಚಿತ ತಂತ್ರಾಂಶವು ಅಂಥ ವಿದ್ಯೆಯನ್ನು ಅಂಗೈಯಗಲದ ಆರ್ಡುಯಿನೊ ಫಲಕದೊಳಕ್ಕೆ ಇಳಿಸಿದ ಮೇಲೆ ಅದು ಪಡಸಾಲೆಗೂ ಬಂದಿತು. ಮಗನು ಒಡೆದ ಹಲಗೆಯ ಚಿತ್ರಗಳನ್ನು ಹತ್ತೂ ದಿಕ್ಕಿನಿಂದ ತೆಗೆದು, ಗಣಕಯಂತ್ರದಲ್ಲಿ ಅದರ ಉಬ್ಬುತಗ್ಗುಗಳನ್ನು ಮೂಡಿಸಿಕೊಂಡಿದ್ದ. ಉಳಿದದ್ದು ಮರ ಮತ್ತು ಬಿಟ್ಟು.

ಮೊದಲ ಪ್ರಯೋಗ ಬೇವಿನ ತುಂಡಿನ ಮೇಲೆ ನಡೆಯಿತು. ಮೂರು ಮಿಲಿಮೀಟರು ದಪ್ಪದ, ಎರಡು ಬಾಯಿಯ ಬಿಟ್ಟು. ನಿಮಿಷಕ್ಕೆ 10,000 ಸುತ್ತು. ಮರ ಕೆಡದಿರಲೆಂದು ಮಗ ಯಂತ್ರವನ್ನು ನಿಮಿಷಕ್ಕೆ 200 ಮಿಲಿಮೀಟರಿನಷ್ಟೇ ಮುಂದೆ ಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಎದ್ದಿತು. ಕಡೆದ ಗೆರೆಯ ಅಂಚು ಕಪ್ಪಾಯಿತು.

“ಯಪ್ಪಾ, ಹಗೂರನೇ ಬಿಟ್ಟೀನಿ. ಆದ್ರೂ ಕಟಗಿ ಕರ್ರಗಾಗ್ಲತ್ತದ.”

ಅದುವರೆಗೆ ಕಂಬಕ್ಕೊರಗಿ ಕುಳಿತಿದ್ದ ಹಿರಿಯರು ಎದ್ದು ಬಂದರು. ಯಂತ್ರವನ್ನು ನೋಡಲಿಲ್ಲ. ಕೆಳಗೆ ಬಿದ್ದುದನ್ನು ಬೆರಳಿನಲ್ಲಿ ತೆಗೆದು ಉಜ್ಜಿದರು. ಹಿಟ್ಟಿನಂಥ ಪುಡಿ.

“ಹಗೂರ ಬಿಟ್ಟೀದಿ ಅಂತನೇ ಕರ್ರಗಾಗ್ಲತ್ತದ. ಅದು ಕಡೀಲತ್ತಿಲ್ಲೋ ತಮ್ಮಾ, ತಿಕ್ಲತ್ತದ.”

ಮಗ ಲೆಕ್ಕ ಹಾಕಿ ನೋಡಿದ. ನಿಮಿಷಕ್ಕೆ ಹತ್ತು ಸಾವಿರ ಸುತ್ತು, ಸುತ್ತಿಗೆ ಎರಡು ಬಾಯಿ. ಅಂದರೆ ಇಪ್ಪತ್ತು ಸಾವಿರ ಕಡಿತ. 200 ಮಿಲಿಮೀಟರನ್ನು ಅಷ್ಟು ಕಡಿತಗಳಿಗೆ ಹಂಚಿದರೆ ಒಂದೊಂದು ಬಾಯಿಗೆ ಸಿಕ್ಕುವುದು 0.01 ಮಿಲಿಮೀಟರು. ಅಷ್ಟು ತೆಳುವಾದುದನ್ನು ಬಿಟ್ಟು ಕತ್ತರಿಸಲಾರದು, ಬರಿದೆ ಉಜ್ಜುತ್ತದೆ. ಉಜ್ಜಿದರೆ ಕಾವು ಹುಟ್ಟುತ್ತದೆ. ಚಕ್ಕೆ ಬಿದ್ದರೆ ಆ ಕಾವನ್ನು ತನ್ನೊಡನೆ ಹೊತ್ತುಕೊಂಡು ಹೋಗುತ್ತದೆ. ಪುಡಿಯಾದರೆ ಕಾವು ಬಿಟ್ಟಿನಲ್ಲಿಯೂ ಮರದಲ್ಲಿಯೂ ನಿಲ್ಲುತ್ತದೆ. ವೇಗವನ್ನು 800ಕ್ಕೆ ಏರಿಸಿದಾಗ ಒಂದು ಕಡಿತಕ್ಕೆ 0.04 ಮಿಲಿಮೀಟರಾಯಿತು. ಸುತ್ತನ್ನು ತಗ್ಗಿಸಿಯೂ ಈ ಲೆಕ್ಕವನ್ನು ಸರಿಪಡಿಸಬಹುದು; ಆದರೆ ಇಂಥ ಸಣ್ಣ ಮೋಟಾರಿನಲ್ಲಿ ಸುತ್ತು ತಗ್ಗಿದರೆ ಬಲವೂ ತಗ್ಗುತ್ತದೆ. ಎರಡನೆಯ ಸಲ ಯಂತ್ರದ ಸದ್ದು ಬದಲಾಯಿತು. ಕಿರುಚುವುದು ನಿಂತು ಗುನುಗತೊಡಗಿತು. ಹಿರಿಯರು ಬಗ್ಗಿ ನೋಡಿದರು. ಸಣ್ಣವಾದರೂ ಅವು ಚಕ್ಕೆಗಳೇ.

ಆ ದಿನದಿಂದ ಅವರ ಕುರ್ಚಿ ಕಂಬದ ಬುಡದಿಂದ ಯಂತ್ರದ ಬಳಿಗೆ ಸರಿಯಿತು.

ಬಿಟ್ಟುಗಳ ಪೆಟ್ಟಿಗೆ ತೆರೆದಾಗ ಅವರಿಗೆ ಹೊಸದೇನೂ ಕಾಣಲಿಲ್ಲ. ಚಪ್ಪಟೆ ತುದಿಯದು ನೆಲ ತಗ್ಗಿಸುವ ಅಗಲ ಉಳಿಯ ತಮ್ಮ. ಮೊನೆಯತ್ತ ಕಿರಿದಾಗುತ್ತ ಹೋಗಿ ತುದಿಯಲ್ಲಿ ದುಂಡಾಗುವುದು ಕೆನ್ನೆ, ತೋಳುಗಳನ್ನು ನುಣುಪು ಮಾಡುವ ಬಾಗುಬಾಯಿಯ ಉಳಿಯ ಬಂಧು. ಮುಮ್ಮೂಲೆಯ ಚೂಪಿನದು ಗೆರೆ ಎಳೆಯುವ ಉಳಿ. ಆಳಕ್ಕಿಳಿದಷ್ಟೂ ಅದರ ಗೆರೆ ಅಗಲವಾಗುತ್ತದೆ. ಮೊದಲು ದಪ್ಪ ಬಿಟ್ಟಿನಿಂದ, ಒಂದು ಸಲಕ್ಕೆ ಮುಕ್ಕಾಲು ಮಿಲಿಮೀಟರಿಗಿಂತ ಆಳಕ್ಕೆ ಹೋಗದೆ, ಬೇಡದ ಮರವನ್ನು ತೆಗೆಯುವುದು. ಆಮೇಲೆ ಸಣ್ಣ ಬಿಟ್ಟಿನಿಂದ ರೂಪ ಬಿಡಿಸುವುದು. ಇದು ಬಡಿಗರ ಮನೆಯ ಹಳೆಯ ಕ್ರಮವೇ ಅಲ್ಲವೆ?

ನುಣುಪಿನ ವಿಷಯದಲ್ಲಿ ಮಾತ್ರ ತಂದೆ ಮಕ್ಕಳಿಗೆ ವಾದವಾಯಿತು. ಸಣ್ಣ ಬಿಟ್ಟು ಹೊಲ ಉತ್ತಂತೆ ಸಾಲು ಸಾಲಾಗಿ ಓಡುತ್ತದೆ. ಸಾಲುಗಳ ಅಂತರ 0.1 ಮಿಲಿಮೀಟರಾದರೆ, ಹದಿನೈದು ಸೆಂಟಿಮೀಟರು ಅಗಲದ ಹಲಗೆಗೆ 1,500 ಸಾಲು. ಒಂದೊಂದೂ ಇಪ್ಪತ್ತೈದು ಸೆಂಟಿಮೀಟರು ಉದ್ದ. ನಿಮಿಷಕ್ಕೆ 800ರಂತೆ ಓಡಿದರೂ ಹೆಚ್ಚುಕಡಮೆ ಎಂಟು ಗಂಟೆ. ಅಂತರವನ್ನು ಇಮ್ಮಡಿಸಿದರೆ ನಾಲ್ಕೇ ಗಂಟೆ, ಆದರೆ ಸಾಲಿನ ಗುರುತು ಉಳಿಯುತ್ತದೆ. ಎಂಟು ಗಂಟೆಯೊಳಗೆ ಕರೆಂಟು ಹೋದರೆ ಯಂತ್ರ ತಾನೆಲ್ಲಿದ್ದೆನೆಂಬುದನ್ನೇ ಮರೆಯುತ್ತದೆ. ಹಿರಿಯರು ಎಂಟು ಗಂಟೆಯನ್ನೇ ಆರಿಸಿದರು. ಹಲಗೆಯ ಒಂದು ಮೂಲೆಗೆ ಎರಡು ಮರದ ತಡೆಗಳನ್ನು ಭದ್ರವಾಗಿ ಕೂಡಿಸಿ, “ಇದು ಅದರ ಹೊಸ್ತಿಲು. ದಾರಿ ತಪ್ಪಿದ್ರ ಇಲ್ಲಿಂದ ತಿರುಗಿ ಅಳೀಲಿ” ಎಂದರು.

ಇನ್ನು ಮರ. ಹಳೆಯ ಬಾಗಿಲಿನ ಸಾಗವಾನಿಯಲ್ಲಿ ಸರಿಯಾದ ತುಂಡು ಒಂದೇ ಒಂದು ಉಳಿದಿತ್ತು, ಕೆಟ್ಟರೆ ಮತ್ತೊಂದಿಲ್ಲ. ಸಾಗವಾನಿಯ ಒಡಲಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅದು ಬಿಟ್ಟಿನ ಬಾಯಿಯನ್ನು ಬೇಗ ತಿನ್ನುತ್ತದೆ. ಆದ್ದರಿಂದ ರೂಪ ಬಿಡಿಸುವ ಹಂತಕ್ಕೆ ಹೊಸ ಬಿಟ್ಟನ್ನು ತೆಗೆದಿಟ್ಟರು. ಯಂತ್ರ ಹೂಡುವ ಮುನ್ನ ಹಿರಿಯರು ಒಂದು ಅಯಸ್ಕಾಂತವನ್ನು ತರಿಸಿ ಹಲಗೆಯ ಮೇಲೆಲ್ಲ ಮೆಲ್ಲನೆ ಆಡಿಸಿದರು. ಅಂಚಿನ ಬಳಿ ಅದು ಕಚ್ಚಿಕೊಂಡಿತು. ತಲೆ ಮುರಿದು ಒಳಗೇ ಉಳಿದಿದ್ದ ಹಳೆಯ ಮೊಳೆ! ಬಿಟ್ಟು ಅದಕ್ಕೆ ತಾಗಿದ್ದರೆ ಆ ಕ್ಷಣವೇ ತುಂಡಾಗುತ್ತಿತ್ತು. ಮಗ ಏನೂ ಹೇಳದೆ ಚಿತ್ರವನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿದ. ತಂದೆಯ ಮೂಗಿಗೂ ಮುಸುಕು ಕಟ್ಟಿಸಿದ. ಮರದ ಧೂಳು ಕ್ಯಾನ್ಸರ್ ತರಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಸಾರಿದೆ. “ಐವತ್ತು ವರ್ಷ ಕುಡದೀನಿ, ಈಗ್ಯಾಕ?” ಎಂದು ಗೊಣಗಿದರೂ ಅವರು ಬಿಚ್ಚಲಿಲ್ಲ.

ಸಾಲು ಸಾಲಾಗಿ ದೇವಿ ಮೇಲೆದ್ದಳು. ನಡುವೆ ಒಮ್ಮೆ ಕರೆಂಟು ಹೋಯಿತು. ಹೊಸ್ತಿಲಿನಿಂದ ಅಳೆದು ಮತ್ತೆ ಹೊರಟರು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಮಗನ ಮುಖ ಅರಳಿತು. ಹಿರಿಯರು ಹಲಗೆಯನ್ನು ಬೆಳಕಿಗೆ ಹಿಡಿದು ಕಮಲದ ಎಸಳುಗಳ ಸಂದಿಯನ್ನು ತೋರಿಸಿದರು. ಎಸಳು ಎಸಳನ್ನು ಕೂಡುವ ಮೂಲೆ ಚೂಪಾಗಿರಬೇಕು, ಅಲ್ಲಿ ದುಂಡಾಗಿತ್ತು. ತಿರುಗುವ ಬಿಟ್ಟು ದುಂಡಗಿರುವುದರಿಂದ ಎಷ್ಟೇ ಸಣ್ಣದಾದರೂ ಒಳಮೂಲೆಯಲ್ಲಿ ತನ್ನ ದುಂಡನ್ನು ಬಿಟ್ಟೇ ಬರುತ್ತದೆ.

“ಇದಕ್ಕ ಯಾವ ಬಿಟ್ಟು ಅದ?”

“ಇಲ್ಲ ಯಪ್ಪಾ.”

ಹಿರಿಯರು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಂದೆಯ ಕಾಲದ ಕಿರಿದಾದ ಉಳಿಯೊಂದನ್ನು ತಂದರು. ಈ ಕೆಲಸಕ್ಕೆ ಕೊಡತಿ ಬೇಕಾಗಿರಲಿಲ್ಲ. ಅಂಗೈಯಿಂದ ಒತ್ತಿದರೆ ಸಾಕು. ಎಡಗೈಯ ಹೆಬ್ಬೆರಳನ್ನು ಮರಕ್ಕೆ ಊರಿ, ಅದಕ್ಕೆ ಉಳಿಯನ್ನು ಆನಿಸಿಕೊಂಡಾಗ ಬಲಗೈ ನಿಂತಿತು. ಮಗ ದೀಪ ಹಿಡಿದು ಕುಳಿತ. ಒಂದು ಎಸಳು, ಮತ್ತೊಂದು ಎಸಳು. ಹದಿನಾರನೆಯದು ಮುಗಿದಾಗ ನಡುರಾತ್ರಿ ಸಮೀಪಿಸಿತ್ತು.

ಗೃಹಪ್ರವೇಶದ ದಿನ ಬಂದ ನೆಂಟರು ಬಾಗಿಲಲ್ಲೇ ನಿಂತು ತಲೆಯೆತ್ತಿ ನೋಡಿದರು. ಯಾರು ಕಡೆದದ್ದೆಂದು ಒಬ್ಬರು ಕೇಳಿದರು. ಮಗನು ತಂದೆಯ ಕಡೆ ತಿರುಗಿದ.

“ನಮ್ಮಪ್ಪಂದು,” ಎಂದರು ಹಿರಿಯರು. “ನಾವಿಬ್ರೂ ಕೂಡಿ ತಿರುಗಿ ತೆಗೆದೀವಿ.”