ಗುಡ್ಡದ ಹಾದಿಯ ಕಸ

ದೊಡವಾಡದ ಊರ ಹೊರಗಿನಿಂದ ಎರೆಹೊಲಗಳ ನಡುವೆ ಸಾಗುವ ಚಕ್ಕಡಿಯ ಹಾದಿಯಲ್ಲಿ ಬೆಳಗಿನ ಹೊತ್ತು ಒಂದಿಷ್ಟು ತಿರುಗಾಡಿ ಬರುವದು ನಮ್ಮ ಬಹುದಿನದ ರೂಢಿ. ಸಂಗಡಿಗನೆಂದರೆ ಕೆಂಚ್ಯಾ ಒಬ್ಬನೇ. ಇವನು 2005ರಲ್ಲಿ ಅಂಚೆಯ ಚೀಟಿಯ ಮೇಲೆ ಚಿತ್ರ ಬರೆಯಿಸಿಕೊಂಡ ಮುಧೋಳದ ನಾಯಿಯ ಮನೆತನದವನಲ್ಲ; ಓಣಿಯಲ್ಲಿ ಹುಟ್ಟಿ ನಮ್ಮ ಕಟ್ಟೆಯ ಮೇಲೆ ಬೆಳೆದವನು. ಆದಾಗ್ಯೂ ಹಾದಿಯಲ್ಲಿ ಬಿದ್ದ ಪ್ರತಿಯೊಂದು ವಸ್ತುವನ್ನು ಮೂಸಿ ಪರೀಕ್ಷಿಸದೆ ಮುಂದಕ್ಕೆ ಹೆಜ್ಜೆಯಿಡಲೊಲ್ಲನು.

ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರು ಈ ಹಾದಿಯನ್ನೇ ಹಿಡಿಯುವದುಂಟು. ಕೆಲವರು ಚಕ್ಕಡಿ ಕಟ್ಟಿಕೊಂಡು, ಕೆಲವರು ಬರಿಗಾಲಿನಿಂದ, ಹಣೆತುಂಬ ಭಂಡಾರ ಬಳಿದುಕೊಂಡು, ‘ಉಧೋ ಉಧೋ’ ಎಂದು ಕೂಗುತ್ತ ನಡೆಯುವರು. ಅವರು ಜೋಗುಳಬಾವಿಯಲ್ಲಿ ಮಿಂದು, ಗುಡ್ಡವನ್ನೇರಿ, ಪಡಲಿಗೆ ತುಂಬಿಸಿ ಮರಳುವದರೊಳಗೆ ನಮ್ಮ ಹಾದಿಯ ಎರಡೂ ಬದಿಗೆ ಬೇರೊಂದು ಬೆಳೆ ಎದ್ದಿರುತ್ತದೆ. ನೀರಿನ ಚೀಲಗಳು, ಚಹದ ಲೋಟಗಳು, ಗುಟಕಾದ ಚೀಟಿಗಳು, ಹೊಳೆಯುವ ತಾಟುಗಳು! ಗಾಳಿ ಬೀಸಿದರೆ ಜಾಲಿಯ ಮುಳ್ಳಿಗೆ ಸಿಕ್ಕಿದ ಚೀಲಗಳೆಲ್ಲ ಒಮ್ಮೆಲೆ ಪಟಪಟನೆ ಬಡಿದುಕೊಳ್ಳುವವು. ಕೆಂಚ್ಯಾ ಅವುಗಳಿಗೆ ಬೊಗಳುವನು.

ಹಿಂದಿನ ಯಾತ್ರಿಕರು ಹೆಚ್ಚು ಶುಚಿಯಾಗಿದ್ದರೆಂದು ನಾವು ಹೇಳಲಾರೆವು. ಅವರೂ ಉಂಡಲ್ಲಿಯೇ ಎಲೆ ಒಗೆಯುತ್ತಿದ್ದರು. ಆದರೆ ಬುತ್ತಿ ಅರಿವೆಯಲ್ಲಿ, ನೀರು ತಂಬಿಗೆಯಲ್ಲಿ, ಊಟ ಮುತ್ತಲದೆಲೆಯ ಪತ್ರಾವಳಿಯಲ್ಲಿ. ಒಗೆದದ್ದನ್ನು ಆಡು ತಿನ್ನುತ್ತಿತ್ತು, ಉಳಿದದ್ದನ್ನು ಮಣ್ಣು ತಿನ್ನುತ್ತಿತ್ತು. 1933ರಲ್ಲಿ ಇಂಗ್ಲಂಡದ ಒಂದು ರಸಾಯನಶಾಲೆಯಲ್ಲಿ ಅಕಸ್ಮಾತ್ತಾಗಿ ದೊರೆತ ಪಾಲಿಥೀನನ್ನು ತಿಂದು ಜೀರ್ಣಿಸಿಕೊಳ್ಳುವ ಆಡು ಇನ್ನೂ ಹುಟ್ಟಬೇಕಾಗಿದೆ.

ನಾವು ಈ ಕಸಕ್ಕೆ ಕೈಹಚ್ಚಿದ್ದು ಸಮಾಜಸೇವೆಯ ಹುಮ್ಮಸ್ಸಿನಿಂದಲ್ಲ. ನೆರೆಯ ರೈತನ ಒಂದು ಎತ್ತು ಮೇವು ಬಿಟ್ಟು, ಹೊಟ್ಟೆ ಉಬ್ಬಿ, ಎಂಟು ದಿನ ನರಳಿ ಸತ್ತಿತು. ಕಾರಹುಣ್ಣಿಮೆಯ ಬಣ್ಣ ಇನ್ನೂ ಅದರ ಕೋಡಿನ ಮೇಲಿಂದ ಮಾಸಿರಲಿಲ್ಲ. ಪಶುವೈದ್ಯರು ಸೀಳಿ ತೋರಿಸಿದಾಗ ಒಳಗೆ ರುಮಾಲಿನಷ್ಟು ದೊಡ್ಡದಾದ ಚೀಲಗಳ ಮುದ್ದೆಯಿತ್ತು. ದನಕ್ಕೆ ಮೇಲಿನ ಮುಂಬಲ್ಲುಗಳಿಲ್ಲ. ನಾಲಿಗೆಯಿಂದ ಸೆಳೆದು ಮೊದಲು ನುಂಗಿ, ಆಮೇಲೆ ಮೆಲುಕು ಹಾಕುವ ಪ್ರಾಣಿಯದು. ಅನ್ನದ ವಾಸನೆ ಹತ್ತಿದ ಚೀಲವನ್ನು ಬಿಚ್ಚಿ ತಿನ್ನುವ ಜಾಣತನ ಅದಕ್ಕೆಲ್ಲಿಯದು? ಮೊದಲನೆಯ ಹೊಟ್ಟೆಗೆ ಬಿದ್ದ ಚೀಲ ಕರಗಲೂ ಇಲ್ಲ, ಸಗಣಿಯೊಡನೆ ಹೊರಬೀಳಲೂ ಇಲ್ಲ. ಜೋಡಿ ಮುರಿದ ಆ ರೈತನು ಹಿಂಗಾರಿಯ ಬಿತ್ತಿಗೆಗೆ ಬಾಡಿಗೆಯ ಟ್ರ್ಯಾಕ್ಟರಿನವರ ದಾರಿ ಕಾಯುತ್ತ ಹದ ತಪ್ಪಿಸಿಕೊಂಡನು. ಅದನ್ನು ಕಣ್ಣಾರೆ ಕಂಡಮೇಲೆ ನಾವು ಬರಿಗೈಯಲ್ಲಿ ತಿರುಗಾಡುವದು ಸಾಧ್ಯವಾಗಲಿಲ್ಲ.

ಒಂದು ಗೊಬ್ಬರದ ಚೀಲ (ಅದೂ ಪ್ಲಾಸ್ಟಿಕಿನದೇ, ನಗಬೇಡಿರಿ), ತುದಿಗೆ ಮೊಳೆ ಬಡಿದ ಒಂದು ಕೋಲು. ಇಷ್ಟೇ ನಮ್ಮ ಸಲಕರಣೆ. ಮೊದಲನೆಯ ದಿನ ಹೊಲಕ್ಕೆ ಹೊರಟ ಹುಡುಗನೊಬ್ಬನು, “ಏನ್ರೀ ಕಾಕಾ, ಪಂಚಾಯ್ತಿ ನೌಕರಿ ಹಿಡದ್ರೇನು?” ಎಂದು ಕೇಳಿ ನಕ್ಕನು. ಅವನ ನಗೆ ನಮಗೆ ಅಷ್ಟು ನಾಟಲಿಲ್ಲ. ನಾಟಿದ್ದು ಗುಡ್ಡಕ್ಕೆ ಹೊರಟ ಒಬ್ಬ ಮುದುಕಿಯ ಮಾತು. ಊರವರು ಯಾತ್ರಿಕರಿಗೆ ಮಾಡಿಸಿದ ಅನ್ನಸಂತರ್ಪಣೆಯಲ್ಲಿ ಉಂಡು, ಬರಿದಾದ ತಾಟನ್ನು ಕೈಯಲ್ಲಿಯೇ ಹಿಡಿದು ಬಹಳ ದೂರ ನಡೆದಿದ್ದಳು. ನಮ್ಮ ಚೀಲವನ್ನು ಕಂಡು, “ಯಪ್ಪಾ, ಉಣ್ಣಾಕ ಕರದವ್ರು ಒಗ್ಯಾಕ ಒಂದು ಬುಟ್ಟಿ ಇಡಲಿಲ್ಲಲ್ಲೋ!” ಎಂದಳು. ಆ ಸಂತರ್ಪಣೆಗೆ ವರ್ಗಣಿ ಕೊಟ್ಟವರಲ್ಲಿ ನಾವೂ ಒಬ್ಬರು. ತಾಟನ್ನು ಸುಮ್ಮನೆ ಇಸಿದುಕೊಂಡೆವು.

ಕಾಯದೆಗಳಿಗೇನೂ ಕೊರತೆಯಿಲ್ಲ. ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕಿನ ಕೈಚೀಲಗಳು ನಿಷಿದ್ಧವಾದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಲೋಟ, ತಾಟು, ಚಮಚೆಗಳನ್ನು ದೇಶದಲ್ಲೆಲ್ಲ ನಿಷೇಧಿಸಲಾಯಿತು. ಈ ಸುದ್ದಿ ನಮ್ಮ ಜಾಲಿಯ ಕಂಟಿಗಳಿಗೆ ಇನ್ನೂ ಮುಟ್ಟಿಲ್ಲ.

ಈ ಸಲದ ಭಾರತ ಹುಣ್ಣಿಮೆ ಕಳೆದ ಮೂರನೆಯ ದಿನ ಕೆಂಚ್ಯಾ ಹೊಲದ ಒಡ್ಡಿನ ಮೇಲೆ ಏನನ್ನೋ ಕೆದರತೊಡಗಿದನು. ಇಲಿಯ ಬಿಲವಿರಬೇಕೆಂದು ನಾವು ಮುಂದೆ ನಡೆದೆವು. ಅವನು ಬರಲೊಲ್ಲನು. ತಿರುಗಿ ಹೋಗಿ ನೋಡಿದರೆ ಮಣ್ಣಿನಲ್ಲಿ ಅರ್ಧ ಹೂತ ಒಂದು ಚೀಲ. ಬಿಸಿಲಿಗೆ ಬಿದ್ದ ಭಾಗ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಮಣ್ಣಿನೊಳಗಿನ ಭಾಗ ನಿನ್ನೆ ಕೊಂಡಂತೆ ಹೊಸದಾಗಿತ್ತು. ಧೋತರದ ಅಂಚಿನಿಂದ ಮಣ್ಣೊರಸಿದಾಗ ಕೆಂಪಕ್ಷರಗಳು ಕಂಡವು: ನಮ್ಮ ಮಗಳ ಹೆಸರು, ಅಳಿಯನ ಹೆಸರು, 2013ರ ಲಗ್ನದ ತಿಥಿ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಸ್ವತಃ ನಾವು! ತಾಂಬೂಲ ಹಾಕಿಕೊಡಲು ಐದುನೂರು ಚೀಲಗಳನ್ನು ಅಚ್ಚು ಹಾಕಿಸಿದ್ದೆವು. ಬಣ್ಣ ಹೋಗದಂತಹ ಶಾಯಿ ಬೇಕೆಂದು ಅಚ್ಚಿನವರೊಡನೆ ಚೌಕಾಶಿ ಮಾಡಿದ್ದೂ ನೆನಪಾಯಿತು. ಅವರು ಮೋಸ ಮಾಡಿರಲಿಲ್ಲ.

ಆ ಎತ್ತಿನ ಹೊಟ್ಟೆಯೊಳಗಿನ ಮುದ್ದೆಯನ್ನು ಅಂದು ಯಾರೂ ಬಿಡಿಸಿ ಓದಿ ನೋಡಿರಲಿಲ್ಲ. ಮನೆ ಮುಟ್ಟುವವರೆಗೂ ನಮಗೆ ಅದೇ ಯೋಚನೆ.

ಚೀಲವನ್ನು ಪಡಸಾಲೆಯಲ್ಲಿ ಹರಹಿ ಮನೆಯವರಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, “ಅಟ್ಟದ ಮ್ಯಾಲ ಇನ್ನೂ ಒಂದು ಕಟ್ಟು ಅದಾವಲ್ಲರೀ,” ಎಂದರು. ಇಳಿಸಿ ಎಣಿಸಿದೆವು, ಅರವತ್ತೆರಡು. ಸುಟ್ಟರೆ ವಿಷದ ಹೊಗೆ, ಹೂತರೆ ಒಡ್ಡಿನ ಮೇಲಿನ ಕಥೆ. ಕಟ್ಟನ್ನು ಪಂಚಾಯತಿಯ ಕಸದ ಗಾಡಿಗೆ ಕೊಡುವದೆಂದು ನಿಶ್ಚಯವಾಯಿತು. ಆದರೆ ಗಾಡಿಯ ಗಂಟೆ ಕೇಳಿಬಂದಾಗ ಮನೆಯವರು, “ಅವ್ವಿ ಹೆಸರ ಐತ್ರಿ,” ಎನ್ನುತ್ತ ಒಂದನ್ನು ಎತ್ತಿಕೊಂಡು, ನಾಲ್ಕಾಗಿ ಮಡಚಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟರು. ನಾವು ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಕೆಂಚ್ಯಾ ಹಾದಿಯಲ್ಲಿ ಎಲ್ಲಿಯೂ ನಿಲ್ಲದೆ ನೆಟ್ಟಗೆ ಅದೇ ಒಡ್ಡಿಗೆ ಓಡಿಹೋಗಿ ಮತ್ತೆ ಕೆದರತೊಡಗಿದನು. ನಾವೂ ಕೋಲನ್ನು ಊರಿ ಅವನ ಬದಿಗೆ ಕುಳಿತೆವು.